ಆಕಾಶದಾಗ ಅಂದ ಒಂದು ಹೂಂ

ನಮ್ಮ ಮನ್ಯಾಗ ಮಾತು ನಡೀಬೇಕಂದ್ರ ಯಾರರ ಒಬ್ಬರು ಹೂಂ ಅನ್ನಲೇಬೇಕು. ಹುಬ್ಬಳ್ಳಿಯೊಳಗ ನಮ್ಮವ್ವ ಒಲಿ ಮುಂದ ಕುಂತು ಕತಿ ಹೇಳಾಕ ಸುರು ಮಾಡಿದ್ಲಂದ್ರ ಸಾಲಿಗೊಂದು ಹೂಂ ಬೇಕಾಗಿತ್ತು. ಹೂಂ ನಿಂತ್ರ ಕತಿನೂ ನಿಲ್ತಿತ್ತು, "ಯಾಕ, ನಿದ್ದಿ ಹತ್ತಿತೇನು?" ಅಂತಿದ್ಲು. ನಮ್ಮ ಹೂಂ ಎರಡು ನಮೂನಿ ನೋಡ್ರಿ. ಒಪ್ಪಿದೆ ಅನ್ನಾಕ ಗಿಡ್ಡ ಹೂಂ. ನಾ ಕೇಳಾಕತ್ತೀನಿ, ನೀ ಮುಂದ ಹೇಳು ಅನ್ನಾಕ ಉದ್ದ ಹೂಂ. ಉದ್ದ ಹೂಂ ಅಂದ್ರ ಹೌದೂ ಅಲ್ಲ, ಇಲ್ಲಾನೂ ಅಲ್ಲ. ನನ್ನ ಹೆಂಡ್ತಿ ಅಡಗಿ ಮನ್ಯಾಗ ನಿಂತು, ಮಾರಿ ನೋಡದ, ಯಾವ ಹೂಂ ಅಂತ ಗುರ್ತು ಹಿಡೀತಾಳ. ಜರ್ಮನರಿಗೆ ಇದು ತಿಳಿಯೂದಿಲ್ಲ. ತಿಳೀದಿದ್ದಕ್ಕ ನಾ ಅವರನ್ನ ಬೈಯೂದೂ ಇಲ್ಲ, ಒಬ್ಬನನ್ನ ಬಿಟ್ಟು.

ಆ ಒಬ್ಬ ಅಂದ್ರ ಇಂಗೋಲ್‌ಸ್ಟಾಟ್‌ದಾಗ ನನ್ನ ಮ್ಯಾನೇಜರ್ ಆಗಿದ್ದವ. ಜರ್ಮನಿಯವರು ನಮ್ಮಂಥ ಕಂಪ್ಯೂಟರ್ ಮಂದಿಗೆ ಗ್ರೀನ್ ಕಾರ್ಡ್ ಅಂತ ಕೊಟ್ಟು ಕರೆಸಿಕೊಂಡ ಕಾಲ ಅದು. ಊರಾಗ ಎಲ್ಲಾರೂ ಅದನ್ನ ಅಮೇರಿಕಾದ್ದು ಅಂತ ತಿಳಕೊಂಡಿದ್ರು, ನಾನೂ ತಿದ್ದಾಕ ಹೋಗಲಿಲ್ಲ. ಇದು ಬರೇ ಐದು ವರ್ಷದ್ದು, ಅದೂ ಕಂಪ್ಯೂಟರ್ ಕೆಲಸಕ್ಕಷ್ಟ. ಕೆಲಸ ಬಿಟ್ರ ದೇಶಾನೂ ಬಿಡಬೇಕು ಅನ್ನೂ ಲೆಕ್ಕ. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆದು ಕೊಡೋ ಕಂಪನಿ ನಮ್ಮದು. ಅಲ್ಲಿ ಈ ಮ್ಯಾನೇಜರ್ ಮೇಜಿನ ಮ್ಯಾಲ ಹೆಂಡ್ತಿ ಮಕ್ಕಳ ಫೋಟೊ ಇರಲಿಲ್ಲ, ತನ್ನ ಸ್ವಂತದ ಸಣ್ಣ ಬಿಳೇ ವಿಮಾನದ ಫೋಟೊ ಇತ್ತು. ರವಿವಾರ ರವಿವಾರ ಊರ ಹೊರಗಿನ ಹಾರಾಟದ ಕ್ಲಬ್ಬಿನ್ಯಾಗ ಅದನ್ನ ಹಾರಿಸ್ತಿದ್ದ. ಎತ್ತರದ ಆಳು, ದೊಡ್ಡ ದನಿ. ಚೇಷ್ಟಿ ಮಾತು ಹೇಳೂಕಿಂತ ಮೊದಲ ತಾನ ನಗೋ ಜಾತಿ.

ನಾ ಬಂದ ವರ್ಷದ ಬ್ಯಾಸಗಿಯೊಳಗ ಒಂದು ರವಿವಾರ "ಬನ್ನಿ, ನಿಮಗೆ ಬವೇರಿಯಾ ತೋರಿಸ್ತೀನಿ" ಅಂತ ಕರದ. ಹೋದೆ. ಸಾಹೇಬ ಕರದಾನಂದ್ರ ಹೋಗದ ಇರಾಕ ಆಗ್ತೈತೇನ್ರಿ? ಅವ ಎಡಕ್ಕ ಕುಂತ, ನಾ ಬಲಕ್ಕ. ಇಬ್ಬರ ಮುಂದೂ ಒಂದೊಂದು ಸ್ಟೀರಿಂಗ್ ಇತ್ತು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ವಿ. ಮ್ಯಾಲ ಏರಿದ್ದ ತಡ, ಮಾತು ಸುರು ಮಾಡಿದ. ಅದು ಡೋನೌ ನದಿ, ಇದು ಕಾರಿನ ಫ್ಯಾಕ್ಟರಿ, ಅಲ್ಲಿ ಕಾಣೂದು ತನ್ನ ಅತ್ತೀ ಮನಿ, ಅಕಿ ಮಾಡೋ ಕೇಕ್ ಕಲ್ಲಿನಂಗ ಇರ್ತೈತಿ. ನಾ ಹುಬ್ಬಳ್ಳಿಯವ, ಹಿರಿಯ ಮನಷ್ಯಾ ಮಾತಾಡಾಕತ್ತಾನ, ಸುಮ್ಮ ಕುಂಡ್ರೂದು ಮರ್ಯಾದಿ ಅಲ್ಲ. ಹೂಂ, ಹೂಂ ಅನಕೋತ ಕುಂತೆ. ಎಲ್ಲಾ ಉದ್ದ ಹೂಂ. ಕೆಳಗ ಹೊಲಗೋಳು ಹಳದಿ ಹಸರು ಚೌಕಾಗಿ ಕಾಣತಿದ್ದು, ನನ್ನ ಲಕ್ಷ್ಯ ಎಲ್ಲಾ ಅಲ್ಲೇ ಇತ್ತು.

ಆ ಮಾತಿನ ನಡುವನ ಅವ ಏನೋ ಕೇಳಿದ. ಹಿಂದಿನ ಸೀಟಿನ ಮ್ಯಾಲಿರೋ ನಕಾಶಿ ತಗೋತೀನಿ, ಸ್ವಲ್ಪ ಹಿಡ್ಕೋತೀರಾ ಅಂತ ಕೇಳಿದ್ನಂತ. ನಾ ಹೂಂ ಅಂದೆ. ಅವ ಸ್ಟೀರಿಂಗ್ ಬಿಟ್ಟು ಹಿಂದ ಹೊರಳಿದ. ನನ್ನ ಎರಡೂ ಕೈ ಮೊಣಕಾಲ ಮ್ಯಾಲಿದ್ದು.

ವಿಮಾನ ಒಮ್ಮೆಲೇ ಬೀಳೂದಿಲ್ಲ. ಮೆಲ್ಲಕ ಒಂದು ರೆಕ್ಕಿ ಇಳೀತು. ಆಮ್ಯಾಲ ಮೂಗು ಇಳೀತು. ಎಂಜಿನ್ನಿನ ಸಪ್ಪಳ ಏರಾಕತ್ತಿತು. ಕಿಟಕ್ಯಾಗಿನ ಆಕಾಶ ಹೋಗಿ ಹೊಲ ಬಂತು, ಇವ ಬೇಕಂತ ಏನೋ ಆಟ ಆಡಾಕತ್ತಾನ ಅಂತ ನಾ ತಿಳಕೊಂಡೆ. ಅವ ತಿರುಗಿ ನೋಡಿ ಚೀರಿದ ಚೀರಾಟಕ್ಕ ನನ್ನ ಹೆಡ್‌ಫೋನ್ ಹರೀಬೇಕು. ಎರಡೂ ಕೈಲೆ ಜಗ್ಗಿ ವಿಮಾನ ನೆಟ್ಟಗ ಮಾಡಿದ. ವಾಪಸ್ ಇಳಿಯೋ ತನಕ ಒಂದ ಒಂದು ಮಾತಾಡಲಿಲ್ಲ, ನಾನೂ ಹೂಂ ಅನ್ನಲಿಲ್ಲ.

ಇಳದ ಮ್ಯಾಲ ಕ್ಲಬ್ಬಿನ ಕಟ್ಟಿ ಮ್ಯಾಲ ಮಂದಿ ಕಾಫಿ ಕುಡಕೋತ ಕುಂತಿದ್ರು. ಅವರ ಮುಂದ ನಿಂತು, ಮಾರಿ ಇನ್ನೂ ಬೆಳ್ಳಗಿತ್ತು ನೋಡ್ರಿ ಅವಂದು, ಇದನ್ನ ಒಂದು ನಾಟಕ ಮಾಡಿದ. "ನಾನು ಕೇಳಿದೆ, ಹಿಡ್ಕೋತೀರಾ? ಇವರು ಅಂದರು, ಹ್ಮ್. ತಿರುಗಿ ನೋಡ್ತೀನಿ, ಕೈ ಎರಡೂ ಮೊಣಕಾಲ ಮೇಲೆ, ಗುಡಿಯಲ್ಲಿ ಕೂತಂಗೆ!" ಕಣ್ಣು ಮುಚ್ಚಿ, ಮೊಣಕಾಲ ಮ್ಯಾಲ ಕೈ ಇಟ್ಟು, "ಹ್ಮ್ಮ್" ಅಂತ ತೋರಿಸಿದ. ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ಆ ನಗೀ ನೆನಸಿಕೊಂಡ್ರ ಇವತ್ತಿಗೂ ನನ್ನ ಮೈ ಉರೀತೈತಿ.

ಸೋಮವಾರ ಆಫೀಸಿಗೆ ಹೋಗೂದ್ರಾಗ ನನ್ನ ಹೆಸರು ಬದಲಾಗಿತ್ತು. ಹೆರ್ ಹ್ಮ್. ಅಂದ್ರ ಶ್ರೀಯುತ ಹೂಂ. ಕ್ಯಾಂಟೀನಿನ್ಯಾಗ ಸೂಪ್ ಹಾಕೋ ಹೆಣ್ಣಮಗಳಿಗೂ ಗೊತ್ತಾಗಿತ್ತು. ಮೀಟಿಂಗಿನ್ಯಾಗ ನಾ ಬಾಯಿ ತೆಗದ್ರ ಯಾರರ ಒಬ್ಬರು ಮೂಗಿನ್ಯಾಗ ಹ್ಮ್ ಅಂತಿದ್ರು. ಹೋಗಲಿ, ನಗಲಿ ಅಂತ ಬಿಟ್ಟಿದ್ದೆ. ಆದ್ರ ಮುಂದಿನ ವರ್ಷ ಒಂದು ಕೆಲಸ ತಡ ಆತು. ಕಾರ್ ಕಂಪನಿಯವರು ಬಂದು ಯಾಕ ತಡ ಅಂತ ಕೇಳಿದ್ರು. ಮ್ಯಾನೇಜರ್ ತಾನ ಒಂದು ಭಾಗ ಮರತಿದ್ದ, ನನಗ ಹೇಳೇ ಇರಲಿಲ್ಲ. ಅವರ ಮುಂದ ಏನಂದ ಗೊತ್ತೇನ್ರಿ? "ನಾನು ಹೇಳಿದ್ದೆ. ಇವರು ಹ್ಮ್ ಅಂದರು. ಇವರ ಹ್ಮ್ ನಂಬಿದ್ದು ನನ್ನ ತಪ್ಪು." ಮತ್ತ ನಗು. ನನಗ ಬರಬೇಕಾಗಿದ್ದ ಟೀಮ್ ಲೀಡರ್ ಕುರ್ಚಿ ಮತ್ತೊಬ್ಬಗ ಹೋತು.

ಅವತ್ತು ಸಂಜೀಕ ಮನಿಗೆ ಬಂದು, ನಾ ವಿಮಾನ ಹಾರಿಸೂದು ಕಲೀತೀನಿ ಅಂತ ಹೆಂಡ್ತಿಗೆ ಹೇಳಿದೆ. "ತಲಿ ಕೆಟ್ಟೈತೇನ್ರಿ ನಿಮಗ?" ಅಂದ್ಲು. ಈಗ ಮಂದಿ ಕೇಳ್ತಾರ, ಸಣ್ಣವಿದ್ದಾಗಿಂದ ಕನಸಿತ್ತೇನು, ಟೆರೇಸ್ ಮ್ಯಾಲ ನಿಂತು ವಿಮಾನ ನೋಡ್ತಿದ್ದಿರೇನು ಅಂತ. ಎಲ್ಲೀ ಕನಸೋ ಮಾರಾಯ! ಸಿಟ್ಟು. ಬರೇ ಸಿಟ್ಟು. ಹೊಟ್ಯಾಗಿನ ಕಿಚ್ಚು ನನ್ನನ್ನ ಮ್ಯಾಲ ಎತ್ತಿತು, ಪೆಟ್ರೋಲ್ ಅಲ್ಲ.

ಅವನ ಕ್ಲಬ್ಬಿಗೆ ಹೋಗಲಿಲ್ಲ. ನದಿ ಆಚಿಕಡೆ ಇನ್ನೊಂದು ಊರಿನ ಕ್ಲಬ್ಬಿಗೆ ಹೋದೆ. ಅಮೇರಿಕಾದಾಗ ವಿಮಾನ ಕಟ್ಟಡಕ್ಕ ಬಡದು ಭಾಳ ದಿನ ಆಗಿರಲಿಲ್ಲ. ಕಂದು ಮಾರಿಯವ ಬಂದು ಹಾರೂದು ಕಲೀತೀನಿ ಅಂದ್ರ ಹೆಂಗ ನೋಡ್ಯಾರು ಅಂತ ನೀವ ಅಂದಾಜು ಮಾಡ್ರಿ. ಒಬ್ಬ ಅಂತೂ ನಕ್ಕೋತ ಕೇಳೇಬಿಟ್ಟ, "ಇಳಿಸೋದನ್ನೂ ಕಲೀತೀರಲ್ಲ?" ಅಲ್ಲಿ ಕಲಿಸೋ ಹೆಣ್ಣಮಗಳು ಅವನ ಕಡೆ ಹಂಗ ಕಣ್ಣು ತೆಗದ್ಲು, ಅವ ಕಾಫಿ ಕಪ್ ಎತ್ತಿಕೊಂಡು ಒಳಗ ಹೋದ. ಅಕಿನ ನನ್ನ ಗುರು. ಬೆಳ್ಳನ್ನ ಗಿಡ್ಡ ಕೂದಲಿನಾಕಿ, ಸಿಗರೇಟ್ ಸೇದಿ ಸೇದಿ ದನಿ ಗಂಡಸಿನಂಗ ಆಗಿತ್ತು. ಶನಿವಾರ ಕ್ಲಬ್ಬಿನ ಹುಲ್ಲು ಕತ್ತರಿಸಬೇಕು, ಷೆಡ್ಡು ಕಸಾ ಹೊಡೀಬೇಕು, ಆಮ್ಯಾಲ ಹಾರಬೇಕು. ಊರಾಗ ನಮ್ಮಪ್ಪ ಹೇಳಿದ್ರ ಒಂದು ಕಡ್ಡಿ ಎತ್ತಿ ಇಡದವ ನಾ, ಇಲ್ಲಿ ಹುಲ್ಲು ಕತ್ತರಿಸಿದೆ.

ಮೊದಲನೇ ದಿನ, ಎಂಜಿನ್ ಚಾಲೂ ಮಾಡೂಕಿಂತ ಮೊದಲ, ಆಕಿ ಒಂದು ನಿಯಮ ಹೇಳಿದ್ಲು. "ವಿಮಾನದಲ್ಲಿ ಇಬ್ಬರಿದ್ದರೆ ಯಾರ ಕೈಯಲ್ಲಿದೆ ಅನ್ನೋದು ಬಾಯಿಬಿಟ್ಟು ಹೇಳಬೇಕು. ಕೊಡೋರು ಅನ್ನಬೇಕು, ಕಂಟ್ರೋಲ್ ನಿಮ್ಮದು. ತಗೊಳ್ಳೋರು ಅನ್ನಬೇಕು, ಕಂಟ್ರೋಲ್ ನನ್ನದು. ಈ ಮಾತು ಪೂರ್ತಿ ಕಿವಿಗೆ ಬೀಳೋ ತನಕ ಕೊಡೋರು ಕೈ ಬಿಡಬಾರದು. ಹೌದು, ಆಯ್ತು, ಹ್ಮ್, ಇವು ಯಾವೂ ನಡೆಯೋದಿಲ್ಲ. ಕೈ ಬಿಟ್ಟರೆ ತಪ್ಪು ಬಿಟ್ಟವರದೇ."

ನನಗ ಸೀಟಿನ್ಯಾಗ ಕುಂಡ್ರಾಕ ಆಗಲಿಲ್ಲ. ಅಲಾ ಇವನ! ತಪ್ಪು ಅವಂದ! ಇಷ್ಟು ವರ್ಷ ವಿಮಾನ ಹಾರಿಸಿದವಗ ಈ ನಿಯಮ ಗೊತ್ತಿಲ್ಲೇನು? ಗೊತ್ತಿತ್ತು. ಮೊದಲನೇ ಪಾಠದಾಗ ಕಲಿಸ್ತಾರ. ಗೊತ್ತಿದ್ದ, ಅದನ್ನ ಮುಚ್ಚಾಕ, ಕಟ್ಟಿ ಮ್ಯಾಲ ನಿಂತು ನನ್ನನ್ನ ಕೋತಿ ಮಾಡಿ ಕುಣಿಸಿದ. ನನ್ನ ಹೆಸರು ಕಸಗೊಂಡ, ನನ್ನ ಕುರ್ಚಿ ಕಸಗೊಂಡ. ಅವತ್ತ ನಿರ್ಧಾರ ಮಾಡಿದೆ. ಒಂದಿನ ನಾ ಅವನ ಬಾಜೂಕ ಕುಂಡ್ರಬೇಕು. ಅವನ ಬಾಯಾಗಿಂದ "ಕಂಟ್ರೋಲ್ ನಿಮ್ಮದು" ಅನ್ನಿಸಬೇಕು, ಅವನ ಕೈ ಬಿಡಿಸಿ ಮೊಣಕಾಲ ಮ್ಯಾಲ ಇಡಿಸಬೇಕು. ಅದೊಂದು ಮಾತು ಕೇಳಿದ್ರ ನನಗ ಸಾಕು.

ಆದ್ರ ನನ್ನ ಹೂಂ ಹೋಗವಲ್ದು. ಆಕಿ ಏನರ ಹೇಳಿದ್ಲಂದ್ರ ಹೂಂ ಅಂತ ತಾನ ಹೊರಗ ಬೀಳ್ತಿತ್ತು. ಬಿದ್ದಾಗೊಮ್ಮೆ ಆಕಿ ಬೆರಳಿಲೆ ನನ್ನ ಮೊಣಕಾಲಿಗೆ ಟಕ್ ಅಂತ ಕುಟ್ಟಾಕಿ. ಕುಟ್ಟಿಸಿಕೊಂಡು ಕುಟ್ಟಿಸಿಕೊಂಡು ಕಡೀಕ ಬಿಟ್ಟೆ. ಬಿಡೂದಂದ್ರ ಪೂರ್ತಿ ಬಿಟ್ಟೆ, ಮನ್ಯಾಗೂ. ಹೆಂಡ್ತಿ ಬಜಾರಿನ ಸುದ್ದಿ ಹೇಳಿದ್ರ "ತಿಳೀತು" ಅಂತಿದ್ದೆ. "ಏನ್ ಪೊಲೀಸ್ ಠಾಣೆದಾಗ ಕುಂತಂಗ ಆಗ್ತೈತ್ರಿ ನಿಮ್ಮ ಜೋಡಿ," ಅಂತಿದ್ಲು. ಅವ್ವ ಫೋನಿನ್ಯಾಗ ಓಣಿ ಕತಿ ಸುರು ಮಾಡಿ, ನಡುವ ನಿಂತು, "ಅದೀಯೇನೋ? ಫೋನ್ ಕೆಟ್ಟೈತೇನು?" ಅಂತ ಕೇಳಾಕಿ. ಅದೀನವ್ವಾ, ಕೇಳಿಸ್ತು, ಮುಂದ ಹೇಳು ಅಂತಿದ್ದೆ. ಬರಬರುತ್ತಾ ಆಕಿ ಕತಿ ಹೇಳೂದ ಬಿಟ್ಲು. ಉಂಡಿಯೇನು, ಥಂಡಿ ಐತೇನು, ಇಡ್ತೀನಪಾ ಅಂತ ಫೋನ್ ಇಟ್ಟುಬಿಡ್ತಿದ್ಲು. ಅದನ್ನೂ ನಾ ಆ ಮ್ಯಾನೇಜರನ ಲೆಕ್ಕಕ್ಕ ಬರಕೊಂಡೆ.

ಸೋಮವಾರದಿಂದ ಶುಕ್ರವಾರ ಹೆರ್ ಹ್ಮ್ ಆಗಿ ಬ್ರೇಕಿನ ಕೆಲಸ ಮಾಡಿದೆ, ಶನಿವಾರ ರವಿವಾರ ಹಾರಿದೆ. ಮೊದಲನೇ ಸಲ ಒಬ್ಬನ ಹಾರಿದ ದಿನ ಬಾಜೂಕಿನ ಸೀಟು ಖಾಲಿ ಇತ್ತು. ನನಗ ಅದು ಖಾಲಿ ಕಾಣಲಿಲ್ಲ, ಅಲ್ಲಿ ಅವನ್ನ ಕುಂಡ್ರಿಸಿಕೊಂಡ ಹಾರಿದೆ. ಗ್ರೀನ್ ಕಾರ್ಡಿನ ಅವಧಿ ಮುಗಿಯೂ ಹೊತ್ತಿಗೆ ಕಾಯ್ದೆ ಬದಲಾಗಿ, ವಿದೇಶಿಯರ ಆಫೀಸಿನವರು ಕಾಯಂ ಇರಾಕ ಪರವಾನಗಿ ಕೊಟ್ಟರು. ಕಂಪ್ಯೂಟರಿನ ಹಗ್ಗ ಹರೀತು. ಕೆಲಸಾ ಬಿಡೋ ದಿನ ಅವ ಕೇಕ್ ತರಿಸಿ, ಮುಂದೇನು ಮಾಡ್ತೀರಿ ಅಂತ ಕೇಳಿದ. ನೋಡೂಣು ಅಂದೆ. ಆಸ್ಪತ್ರಿ ಲ್ಯಾಬಿನ್ಯಾಗ ಹೆಂಡ್ತಿಗೆ ಕೆಲಸಿತ್ತು, ಆಕಿ ಮನಿ ಹೊತ್ಲು. ನಾ ಪೈಲಟ್ ಕೆಲಸದ ದೊಡ್ಡ ಲೈಸನ್ಸ್ ಓದಿದೆ. ಪ್ಯಾರಾಚೂಟ್ ಹಾಕ್ಕೊಂಡು ಜಿಗಿಯೋ ಮಂದಿನ್ನ ಮ್ಯಾಲ ಒಯ್ದು ಒಯ್ದು ಬಿಟ್ಟು ಬಂದೆ. ಆಮ್ಯಾಲ ಕಲಿಸೋ ಪರೀಕ್ಷೆನೂ ಪಾಸಾಗಿ, ಒಂದು ಹಾರಾಟದ ಸಾಲ್ಯಾಗ ಮಾಸ್ತರ ಆದೆ. ನಲವತ್ತರ ಹೊಸ್ತಿಲಿನ್ಯಾಗ ನಿಂತವ, ಗಲ್ಲದ ಮ್ಯಾಲ ಬಿಳಿ ಕೂದಲು. ಆದ್ರ ನನ್ನ ಹತ್ರ ಕಲಿಯೋರಿಗೆ ಯಾರಿಗೂ, ಕಂಟ್ರೋಲ್ ಯಾರದು ಅನ್ನೂದ್ರಾಗ ಒಂದು ದಿನಾನೂ ಗೊಂದಲ ಆಗಿಲ್ಲ.

ಜರ್ಮನಿಯೊಳಗ ಹವ್ಯಾಸಕ್ಕ ಹಾರಿಸೋರಿಗೂ ಒಂದು ಕಟ್ಟಳೆ ಐತಿ. ಎರಡು ವರ್ಷಕ್ಕೊಮ್ಮಿ ಒಬ್ಬ ಮಾಸ್ತರನ ಜೋಡಿ ಒಂದು ತಾಸು ಹಾರಿ, ಅವನ ಸಹಿ ತಗೋಬೇಕು. ಸಹಿ ಇಲ್ಲಂದ್ರ ಲೈಸನ್ಸ್ ನಡೆಯೂದಿಲ್ಲ. ನಾ ಈ ಕಟ್ಟಳೆ ನಂಬಿಕೊಂಡ ಕಾಯ್ತಿದ್ದೆ, ಹುಲಿ ನೀರಿನ ಹತ್ರ ಕಾದಂಗ. ನನ್ನ ಹಳೇ ಮ್ಯಾನೇಜರನ ಕ್ಲಬ್ಬಿನ ಮಾಸ್ತರ ಬೆನ್ನು ಆಪರೇಶನ್ ಮಾಡಿಸಿಕೊಂಡು ಮಲಗಿದ ಸುದ್ದಿ ಬಂದಾಗ, ಖರೇ ಹೇಳ್ತೀನಿ, ನನಗ ಆ ಮಾಸ್ತರನ ಬೆನ್ನಿನ ಚಿಂತಿ ಆಗಲಿಲ್ಲ.

ಬಂದ. ಅವಧಿ ಮುಗಿಯಾಕ ಇನ್ನೇನು ಕೆಲವ ದಿನ ಇದ್ದಾಗ ಬಂದ. ರಿಟೈರ್ ಆಗಿದ್ದ, ಸ್ವಲ್ಪ ಬಾಗಿದ್ದ, ದನಿ ಮಾತ್ರ ಹಂಗ ಇತ್ತು. ನನ್ನನ್ನ ನೋಡಿ ಎರಡೂ ಕೈ ಚಾಚಿ, ನನ್ನ ವಿದ್ಯಾರ್ಥಿಗಳ ಮುಂದ, ಮನಿ ಮಂದಿ ಸಿಕ್ಕಷ್ಟು ಖುಷೀಲೆ ಒದರಿದ: "ಹೆರ್ ಹ್ಮ್!" ಅವಗ ಅದು ಪ್ರೀತಿಯ ಹೆಸರು! ನಾ ಕೈ ಕುಲುಕಿ, "ಎಡಗಡೆ ನೀವ ಕುಂಡ್ರಿ" ಅಂತ ಜರ್ಮನ್‌ದಾಗ ಅಂದೆ.

ಹಾರಿದ್ವಿ. ಸುಳ್ಳು ಯಾಕ ಹೇಳ್ಲಿ, ಚಂದ ಹಾರಿಸ್ತಿದ್ದ. ತಿರುವು ತಿರಗಿಸಿದೆ, ಎಂಜಿನ್ ನಿಂತ್ರ ಏನ್ ಮಾಡ್ತೀರಿ ಅಂತ ಕೇಳಿದೆ, ಎಲ್ಲಾ ಬರೋಬ್ಬರಿ ಮಾಡಿದ. ಮಾಡಿಕೋತ ಮಾತು, ಮಾತು, ಮಾತು. ಮೊಮ್ಮಗಳು, ತೋಟ, ಅತ್ತಿ ತೀರಿಕೊಂಡದ್ದು, ಅಕಿ ಕೇಕ್ ಈಗ ನೆನಪಾಗೂದು. ನಾ ಒಂದಕ್ಕೂ ದನಿ ಕೊಡಲಿಲ್ಲ. ಭಾಳ ಎತ್ತರಕ್ಕ ಹೋದ ಮ್ಯಾಲ, ಒಂದು ಕಸರತ್ತು ತೋರಸ್ತೀನಿ ಅಂತ ಕಂಟ್ರೋಲ್ ನಾ ತಗೊಂಡೆ, ತೋರಿಸಿದೆ. ಆಮ್ಯಾಲ ಅಂದೆ, "ಕಂಟ್ರೋಲ್ ನಿಮ್ಮದು."

ಅವ ಕಿಟಕ್ಯಾಗಿಂದ ಕೆಳಗ ತನ್ನ ಮನಿ ಹುಡಕಾಕತ್ತಿದ್ದ. ಅಂದ, "ಹ್ಮ್."

ಬಾಯಾಗ ಸಕ್ರಿ ಬಿದ್ದಂಗಾತು ನನಗ. ಅವ ಪೂರ್ತಿ ಮಾತು ಅನ್ನೋ ತನಕ ನಾ ಬಿಡಬಾರದು, ಅದು ನಿಯಮ. ಎರಡೂ ಕೈ ಎತ್ತಿ ಮೊಣಕಾಲ ಮ್ಯಾಲ ಇಟ್ಟೆ. ಗುಡಿಯಾಗ ಕುಂತಂಗ.

ರೆಕ್ಕಿ ಮೆಲ್ಲಕ ಇಳೀತು. ಅವ ಇನ್ನೂ ಮನಿ ಹುಡುಕ್ತಿದ್ದ. ಮೂಗು ಇಳೀತು. ಎಂಜಿನ್ನಿನ ಸಪ್ಪಳ ಏರಿತು, ಆಕಾಶ ಹೋಗಿ ಹೊಲ ಬಂತು. ಆವಾಗ ತಿರುಗಿದ. ನನ್ನ ಕೈ ನೋಡಿದ, ಗಕ್ಕನ ಸ್ಟೀರಿಂಗ್ ಹಿಡದ. "ಏನು ಮಾಡ್ತಿದ್ದೀರಿ!" ಅಂತ ಚೀರಿದ, ಅದ ಚೀರಾಟ.

"ನಾನಾ? ಏನೂ ಇಲ್ಲ. ಕೊಟ್ಟೆ, ನೀವು ಹ್ಮ್ ಅಂದ್ರಿ."

ಅವನ ಮಾರಿಗೆ ಎಲ್ಲಾ ಬಂತು. ಕ್ಲಬ್ಬಿನ ಕಟ್ಟಿ ಬಂತು, ಕ್ಯಾಂಟೀನ್ ಬಂತು, ಕಾರ್ ಕಂಪನಿಯ ಮೀಟಿಂಗ್ ಬಂತು. ನಾ ಸಾವಕಾಶ ಅಂದೆ, "ಕಂಟ್ರೋಲ್ ನನ್ನದು. ಈಗ ನೀವು ಅನ್ನಬೇಕು."

"ಕಂಟ್ರೋಲ್ ನಿಮ್ಮದು," ಅಂದ. ಸಣ್ಣ ದನೀಲೆ, ಆದ್ರ ಪೂರ್ತಿ ಅಂದ. ಸ್ಟೀರಿಂಗ್ ಬಿಟ್ಟು ಕೈ ಮೊಣಕಾಲ ಮ್ಯಾಲ ಇಟ್ಟುಕೊಂಡ. ಕೈಮ್ಯಾಲ ಮುಪ್ಪಿನ ಕಂದು ಕಲೆ ಇದ್ದು. ನಾ ವಿಮಾನ ನೆಟ್ಟಗ ಮಾಡಿದೆ. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಇಳಿಸೂ ತನಕ ಅವಗ ವಾಪಸ್ ಕೊಡಲೇ ಇಲ್ಲ.

ಅಲ್ಲಿಗೆ ಬಿಡಬಹುದಾಗಿತ್ತು, ಅನ್ನೋರು ಅನ್ಲಿ. ನಾ ಬಿಡಲಿಲ್ಲ. ಕೆಳಗ ನನ್ನ ವಿದ್ಯಾರ್ಥಿಗಳು ಕಾಫಿ ಕುಡಕೋತ ನಿಂತಿದ್ರು. ಅವರ ಮುಂದ ಪಾಠ ಮಾಡಿದೆ. ಪಾಠಾನ ಅದು. "ನಾನು ಅಂದೆ, ಕಂಟ್ರೋಲ್ ನಿಮ್ಮದು. ಇವರು ಅಂದರು, ಹ್ಮ್." ಕಣ್ಣು ಮುಚ್ಚಿ ತೋರಿಸಿದೆ. ನಕ್ಕರು. ಒಬ್ಬಾಕಿ ಅಂದ್ಲು, "ಹಾಗಾದರೆ ಹೆರ್ ಹ್ಮ್ ಇವರೇ!" ಅವನೂ ನಕ್ಕ. ಕಿವಿ ಕೆಂಪಗಾಗಿದ್ದು, ನಕ್ಕೋತನ ನಿಂತ. ಆ ನಗೀ ಒಳಗ ಏನಿರ್ತೈತಿ ಅಂತ ನನಗ ಗೊತ್ತಿತ್ತು.

ಆಮ್ಯಾಲ ತನ್ನ ಹಾರಾಟದ ಪುಸ್ತಕ ನನ್ನ ಮುಂದ ಹಿಡದ. ನಾ ಪೆನ್ ತೆಗೀಲಿಲ್ಲ. "ಇನ್ನೊಂದು ತಾಸು ಬೇಕು. ಮುಂದಿನ ವಾರ ಬರ್ರಿ" ಅಂದೆ.

"ಮುಂದಿನ ವಾರ ನನ್ನ ಅವಧಿ ಮುಗಿದಿರ್ತದೆ" ಅಂದ.

"ಅದು ನನಗ ಗೊತ್ತೈತಿ" ಅಂದೆ.

ಪುಸ್ತಕ ಜಾಕೀಟಿನ್ಯಾಗ ಇಟ್ಟುಕೊಂಡ. ಹೋಗೂ ಮುಂದ ನನ್ನ ಖರೇ ಹೆಸರು ಹಿಡದು, ಅದೂ ಬರೋಬ್ಬರಿ ಉಚ್ಚಾರ ಮಾಡಿ, ನಮಸ್ಕಾರ ಹೇಳಿದ. ಅವಗ ನನ್ನ ಹೆಸರು ಅನ್ನಾಕ ಬರ್ತಿತ್ತು ಅಂತ ಅವತ್ತ ನನಗ ತಿಳೀತು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರಾನೂ ಬರಲಿಲ್ಲ. ಮತ್ತ ಪರೀಕ್ಷೆ ಕೊಟ್ಟು ಲೈಸನ್ಸ್ ತಗೋಬಹುದಿತ್ತು, ತಗೊಳ್ಳಲಿಲ್ಲ. ಮೊನ್ನಿ ನಮ್ಮ ಸಾಲಿಯ ನೋಟೀಸ್ ಬೋರ್ಡಿನ ಮ್ಯಾಲ ಒಂದು ಕಾಗದ ಹಚ್ಚಿದ್ರು, ವಿಮಾನ ಮಾರಾಟಕ್ಕಿದೆ ಅಂತ. ಅವನ ಮೇಜಿನ ಮ್ಯಾಲಿದ್ದ ಅದ ಫೋಟೊ.

ಅವತ್ತು ಮನಿಗೆ ಬಂದು ಇದನ್ನೆಲ್ಲಾ ಹೆಂಡ್ತಿಗೆ ಹೇಳಿದೆ. ಮೊದಲಿನಿಂದ ಹೇಳಿದೆ, ಕೈ ಮೊಣಕಾಲ ಮ್ಯಾಲ ಇಟ್ಟಿದ್ದು, ರೆಕ್ಕಿ ಇಳದದ್ದು, ಕಿವಿ ಕೆಂಪಗಾದದ್ದು, ಬೋರ್ಡಿನ ಮ್ಯಾಲಿನ ಫೋಟೊ. ಆಕಿ ರೊಟ್ಟಿ ಬಡೀತಾ ಸಾಲಿಗೊಂದು ಹೂಂ ಅಂದ್ಲು. ಎಲ್ಲಾ ಮುಗದ ಮ್ಯಾಲ, ಹಿಟ್ಟಿನ ಕೈ ಹಂಗ ಹಿಡ್ಕೊಂಡು ಕೇಳಿದ್ಲು, "ಅಂತೂ ಸಮಾಧಾನ ಆತೇನ್ರಿ?"

"ಹೂಂ..." ಅಂದೆ. ಎಷ್ಟೋ ವರ್ಷದ ಮ್ಯಾಲ ತಾನಾಗಿ ಬಾಯಿಗೆ ಬಂತು. ಗಿಡ್ಡದು ಅನ್ನಬೇಕಂತ ಹೋಗಿದ್ದೆ, ಉದ್ದದು ಬಂತು.

ಆಕಿ ನನ್ನ ಮಾರಿ ನೋಡಿದ್ಲು. "ನಾ ಕತಿ ಹೇಳಾಕತ್ತಿಲ್ರಿ," ಅಂದ್ಲು, "ನಿಮ್ಮನ್ನ ಕೇಳಾಕತ್ತೀನಿ."